ಹೊಟಗಿಗೆ ಹೋದ ಪುಸ್ತಕ

ನಾನು ಒಂದು ಪಠ್ಯಪುಸ್ತಕ. ದ್ವಿತೀಯ ಪಿಯುಸಿ, ಮನಃಶಾಸ್ತ್ರ, ಕನ್ನಡ ಮಾಧ್ಯಮ. ಜೂನ್‌ನಲ್ಲಿ ಹುಟ್ಟಬೇಕಿತ್ತು, ಅಚ್ಚಿನ ಯಂತ್ರ ಕೆಟ್ಟು ಆಗಸ್ಟ್‌ನಲ್ಲಿ ಹುಟ್ಟಿದೆ. ಗದಗಿನ ಅಂಗಡಿಗೆ ನಮ್ಮವರು ಬಂದದ್ದೇ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಕಪಾಟಿನಲ್ಲಿ ನಾನೊಂದೇ ಉಳಿದಿದ್ದೆ. ಆಗ ಇಬ್ಬರು ಹುಡುಗಿಯರು ಓಡೋಡಿ ಬಂದರು.

ಒಬ್ಬಳು ಶಾಹೀನ್, ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ನ ಮಗಳು. ಇನ್ನೊಬ್ಬಳು ಶಶಿರೇಖಾ. ಅವಳಿಗೆ ತಂದೆ ಇರಲಿಲ್ಲ. ತಾಯಿ ಗಂಗವ್ವ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರಿಗೂ ಶಿಕ್ಷಕಿಯರಾಗುವ ಆಸೆ. ಶಾಹೀನಳ ಅಪ್ಪ ನನ್ನನ್ನು ಕೊಡಿಸಿದ. ನಾನು ಅರ್ಧ ವಾರ ರೈಲ್ವೆ ವಸತಿಯಲ್ಲಿ, ಅರ್ಧ ವಾರ ಗಂಗವ್ವನ ಮನೆಯಲ್ಲಿ ಇರತೊಡಗಿದೆ.

ಸಂಜೆ ಇಬ್ಬರೂ ಕೂಡಿ ಓದುತ್ತಿದ್ದರು. ಓದುವುದೆಂದರೆ, ಶಾಹೀನ್ ನನ್ನನ್ನು ಎದೆಗವಚಿಕೊಂಡು ಪ್ರಶ್ನೆ ಕೇಳುವುದು, ಶಶಿ ನೋಡದೆ ಹೇಳುವುದು. ಶಶಿ ತಡವರಿಸಿದರೆ ಉತ್ತರ ಕೇಳಿ ಗೋಗರೆಯುತ್ತಿದ್ದಳು. ಶಾಹೀನ್ ಕೊಡುತ್ತಿರಲಿಲ್ಲ.

“ತಡಿ, ನೆನಪ ಮಾಡ್ಕೊ. ನಾ ಹೇಳಿಬಿಟ್ರ ಅದು ನನ್ನ ಉತ್ತರ ಆಗ್ತದ, ನಿಂದಲ್ಲ.”

ಜನವರಿಯಲ್ಲಿ ಶಾಹೀನಳ ಅಪ್ಪನಿಗೆ ಸೋಲಾಪುರದ ಹತ್ತಿರದ ಹೊಟಗಿಗೆ ವರ್ಗವಾಯಿತು. ಗಾಡಿ ಹೊರಡುವಾಗ ಅವಳು ಕಿಟಕಿಯಿಂದ ನನ್ನನ್ನು ಶಶಿಯ ಕೈಗಿತ್ತಳು. ಪರೀಕ್ಷೆಗೆ ಇಲ್ಲಿಗೇ ಬರುತ್ತೇನೆ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ ಎಂದಳು. ನಾನು ಅವಳ ಪುಸ್ತಕ. ನನ್ನ ಮೊದಲ ಪುಟದಲ್ಲಿ ಅವಳದೇ ಹೆಸರು. ಗಾಡಿ ದೂರವಾದಂತೆ ನನಗೆ ಏನಾಯಿತೆಂದು ಹೇಳಲು ನನ್ನೊಳಗಿನ ಇನ್ನೂರು ಪುಟಗಳಲ್ಲೂ ಶಬ್ದವಿರಲಿಲ್ಲ.

ಶಶಿ ಒಂಟಿಯಾದಳು. ಕೇಳುವವರಿಲ್ಲದೆ ಬರೀ ಓದತೊಡಗಿದಳು. ಕೆಂಪು ಪೆನ್ನಿನಿಂದ ಗೆರೆ ಎಳೆದಳು. ಮತ್ತೆ ಓದಿದಳು, ಮತ್ತೆ ಎಳೆದಳು. ಫೆಬ್ರವರಿ ಹೊತ್ತಿಗೆ ನಾನು ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿದ್ದೆ. ಎಲ್ಲ ಬರುತ್ತದೆಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಒಂದು ದಿನ ತರಗತಿಯಲ್ಲಿ ಹೊಂಬಳ ಮೇಡಂ ಅವಳನ್ನು ಎಬ್ಬಿಸಿ, ಅಲ್ಪಾವಧಿ ಸ್ಮೃತಿಗೂ ದೀರ್ಘಾವಧಿ ಸ್ಮೃತಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಎಡಗಡೆಯ ಪುಟ, ಕೆಳಗಿನ ಮೂಲೆ, ಎರಡು ಕೆಂಪು ಗೆರೆ. ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಮಾತು ಮಾತ್ರ ಬರಲಿಲ್ಲ. ತರಗತಿ ಮುಗಿದ ಮೇಲೆ ನಲ್ಲಿಯ ಬಳಿ ನಿಂತು ಅತ್ತಳು. ಮೇಡಂ ಹತ್ತಿರ ಬಂದು ನನ್ನನ್ನು ತೆಗೆದುಕೊಂಡು ಒಂದೆರಡು ಪುಟ ತಿರುವಿದರು.

“ಇದು ನಿನ್ನ ಕಣ್ಣಿಗೆ ಪರಿಚಯ ಆಗೇದ, ಬಾಯಿಗೆ ಆಗಿಲ್ಲ. ಇನ್ನ ಮ್ಯಾಲೆ ಮುಚ್ಚಿ ಓದು,” ಎಂದರು.

ಅಂದು ಸಂಜೆ ಶಶಿ ನನ್ನನ್ನು ಮುಚ್ಚಿ ಮಣೆಯ ಮೇಲಿಟ್ಟಳು. ಶಾಹೀನ್ ಕೂರುತ್ತಿದ್ದ ಜಾಗದತ್ತ ತಿರುಗಿ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರಿಸತೊಡಗಿದಳು. ತಪ್ಪಿದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದಳು. ಇಂದು ಬಂದದ್ದನ್ನು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಕೇಳಿಕೊಂಡಳು. ಗಂಗವ್ವ ರೊಟ್ಟಿ ಬಡಿಯುವಾಗ ಎದುರು ಕೂತು, ಗಂಟೆ ಬಾರಿಸಿದರೆ ನಾಯಿಗೆ ಜೊಲ್ಲು ಸುರಿಯುವುದೇಕೆ ಎಂದು ವಿವರಿಸಿದಳು. ಓದು ಬರದ ಗಂಗವ್ವ ಹಂಗಂದರೇನು, ಹಿಂಗಂದರೇನು ಎಂದು ಕೇಳುತ್ತಲೇ ಇದ್ದಳು. ಶಶಿ ತನ್ನ ಮಾತಿನಲ್ಲಿ ಹೇಳುವುದನ್ನು ಕಲಿತಳು. ಮುಚ್ಚಿಕೊಂಡಿರುವುದು ಪುಸ್ತಕಕ್ಕೆ ಸುಖವಲ್ಲ. ಆದರೂ ನನ್ನೊಳಗಿದ್ದದ್ದು ಒಂದೊಂದಾಗಿ ಅವಳದಾಗುವುದನ್ನು ನಾನು ಕೇಳಿಸಿಕೊಂಡೆ.

ಪರೀಕ್ಷೆಯ ದಿನ ಚೀಲದೊಳಗೆ ನಾನು ಕೋಣೆಯ ಹೊರಗೆ ಕಾದೆ. ಗಂಟೆ ಹೊಡೆಯಿತು. ಶಾಹೀನಳ ದನಿ ಎಲ್ಲೂ ಕೇಳಲಿಲ್ಲ. ಶಶಿ ಚೆನ್ನಾಗಿ ಬರೆದು ಹೊರಬಂದಳು. ಬಂದವಳೇ ಜವಾನನನ್ನು ವಿಚಾರಿಸಿದಳು. ಪಕ್ಕದ ಕೋಣೆಯಲ್ಲಿ ಶಾಹೀನಳ ಬೆಂಚು ಖಾಲಿಯೇ ಇತ್ತಂತೆ. ವಾರದ ಮೇಲೆ ಶಾಹೀನಳ ಕಾರ್ಡು ಬಂತು: ಅಮ್ಮೀಗೆ ಅವಳಿ ಮಕ್ಕಳಾಗಿವೆ, ಜ್ವರ ಇಳಿದಿಲ್ಲ, ಬರಲಾಗಲಿಲ್ಲ.

ಮೇ ತಿಂಗಳಲ್ಲಿ ಶಶಿ ನನ್ನನ್ನು ಕರೆದುಕೊಂಡು ಹೊಟಗಿಯ ಗಾಡಿ ಹತ್ತಿದಳು.

ಶಾಹೀನ್ ಬಾಗಿಲಲ್ಲೇ ನಿಂತಿದ್ದಳು. ಹೆಗಲ ಮೇಲೊಂದು ಕೂಸು, ತೊಟ್ಟಿಲಲ್ಲಿ ಇನ್ನೊಂದು. ಒಳಗೆ ತಾಯಿ ಹಾಸಿಗೆಯಲ್ಲಿ. ಅವಳು ನನ್ನನ್ನು ಮುಟ್ಟಲಿಲ್ಲ. ಶಶಿ ಪೂರಕ ಪರೀಕ್ಷೆಯ ಮಾತೆತ್ತಿದಾಗ, ಎಲ್ಲ ಮರೆತುಹೋಗಿದೆ, ಪುಸ್ತಕ ನೀನೇ ಒಯ್ಯಿ ಎಂದಳು. ಶಶಿ ನನ್ನನ್ನು ಎದೆಗವಚಿಕೊಂಡಳು.

“ಮರ್ತೀದಿ ಅಂತ ನಿನಗ ಹೆಂಗ ಗೊತ್ತು? ಯಾರರ ಕೇಳ್ಯಾರೇನ ನಿನ್ನ?”

ಒಂದು ಪ್ರಶ್ನೆ ಕೇಳಿದಳು. ಶಾಹೀನ್ ಕೂಸಿನ ಬೆನ್ನು ತಟ್ಟುತ್ತ ಬಾಗಿಲಿಗೂ ತೊಟ್ಟಿಲಿಗೂ ಅಡ್ಡಾಡಿದಳು. ಶಶಿ ಉತ್ತರ ಹೇಳಿಕೊಡಲಿಲ್ಲ. ಕಡೆಗೆ ಶಾಹೀನ್ ಒಂದು ಶಬ್ದ ಹೇಳಿದಳು, ಅದರ ಬೆನ್ನಿಗೆ ಒಂದು ವಾಕ್ಯ. ಆಮೇಲೆ ಅಳು ಬಂದು ನಿಲ್ಲಿಸಿದಳು.

ಶಶಿ ಎಂಟು ದಿನ ಉಳಿದಳು. ಒಬ್ಬಳು ಬಟ್ಟೆ ಒಗೆಯುವಳು, ಒಬ್ಬಳು ತೊಟ್ಟಿಲು ತೂಗುವಳು. ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. ಹೊರಡುವ ದಿನ ನನ್ನನ್ನು ಅಲ್ಲೇ ಬಿಟ್ಟಳು. ಶಾಹೀನ್ ಪೂರಕ ಪರೀಕ್ಷೆ ಬರೆದಳು. ಪಾಸಾದಳು.

ಶಶಿ ರೋಣದಲ್ಲಿ ಶಿಕ್ಷಕಿಯಾದಳೆಂದು ಕಾಗದದಿಂದ ತಿಳಿಯಿತು. ಶಾಹೀನ್ ಪಾಸಾದ ಮರುವರ್ಷವೇ ಮದುವೆಯಾಗಿ, ನನ್ನನ್ನೂ ಟ್ರಂಕಿನಲ್ಲಿಟ್ಟುಕೊಂಡು ಸೋಲಾಪುರ ಸೇರಿದ್ದಳು. ಶಿಕ್ಷಕಿಯಾಗುವ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಾಗದಗಳು ವರ್ಷಕ್ಕೊಂದಾದವು, ಆಮೇಲೆ ನಿಂತವು. ಪಠ್ಯಕ್ರಮವೂ ಬದಲಾಯಿತಂತೆ. ನನ್ನನ್ನು ಓದಿ ಈಗ ಯಾರೂ ಪಾಸಾಗುವಂತಿಲ್ಲ.

ಸೋಲಾಪುರದ ಈ ಮನೆಯಲ್ಲಿ ನಾನೊಂದೇ ಕನ್ನಡ ಪುಸ್ತಕ. ಮಕ್ಕಳದು ಉರ್ದು, ಬೀದಿಯದು ಮರಾಠಿ. ಟ್ರಂಕಿನ ತಳದಲ್ಲಿ ಮಲಗಿ ಎಷ್ಟೋ ದಿನ ಯಾವ ಅಕ್ಷರದ ಸದ್ದೂ ಇಲ್ಲದೆ ಕಳೆಯುತ್ತೇನೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಶಾಹೀನ್ ನನ್ನನ್ನು ತೆಗೆಯುತ್ತಾಳೆ. ಎಲ್ಲಿ ತೆರೆಯಿತೋ ಅಲ್ಲಿಂದ ದನಿಯೆತ್ತಿ ಓದುತ್ತಾಳೆ. ಮೊನ್ನೆ ಪ್ರೇರಣೆಯ ಪಾಠ ಬಂತು: ಹಸಿವು, ಬಾಯಾರಿಕೆ, ನಿದ್ರೆ, ಒಡನಾಟದ ಬಯಕೆ. ಶಾಲೆಯಿಂದ ಬೇಗ ಬಂದ ಕಿರಿಯ ಮಗಳು ಬಾಗಿಲಲ್ಲಿ ನಿಂತು ಕೇಳಿದಳು. ಒಂದು ಮಾತೂ ತಿಳಿಯದೆ, ಇದು ಯಾವ ಹಾಡು ಎಂದಳು.

ಹಾಡಲ್ಲ, ಗದಗಿನಲ್ಲಿ ನಾನೂ ಶಶಿಯೂ ಮಾತಾಡುತ್ತಿದ್ದದ್ದು ಹೀಗೆ ಎಂದಳು ಶಾಹೀನ್. ಮಗಳು ಪಕ್ಕದಲ್ಲಿ ಬಂದು ಕೂತಳು. ಶಾಹೀನ್ ಪುಟ ತಿರುವಿದಳು.