ಇಳಿಯುವ ಸ್ಟೇಷನ್

"ಒದ್ದಿ ಪಂಜಿ ಉಟ್ಕೊಂಡು ಕರೆಂಟಿಗೆ ಕೈ ಹಾಕ್ತೀ ಏನೋ? ಇವತ್ತಿಗೆ ಒಬ್ಬರು ಹೋಗಿದ್ದು ಸಾಕು!"

ಸೋದರತ್ತೆ ತುಳಜಾಬಾಯಿ ಒದರಿದ ರಭಸಕ್ಕೆ ನಂದಕಿಶೋರ್ ಕಂಪ್ಯೂಟರಿನ ಮೌಸಿನಿಂದ ಕೈ ಕಿತ್ತುಕೊಂಡ. ಅಪ್ಪನ ಸಂಸ್ಕಾರಕ್ಕೆಂದು ಸ್ನಾನ ಮಾಡಿ ಬಂದಿದ್ದ ಅವನ ಪಂಜೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಶಹಾಬಾದದ ಬಿಸಿಲಿಗೆ ಅಂಗಳದ ಪರಸಿಕಲ್ಲು ಕಾದು, ಬಂದವರು ಒಂದು ಕಾಲು ಎತ್ತಿ ಒಂದು ಕಾಲು ಊರಿ ನಿಂತಿದ್ದರು. ನಡುಮನೆಯಲ್ಲಿ ಮಾತ್ರ ರೈಲಿನಲ್ಲಿ ಟಿಕೀಟು ನೋಡುವ ಟೀಸಿಯಾಗಿ ನಿವೃತ್ತರಾದ ಹನುಮಂತರಾಯರು ಯಾರ ಅವಸರವೂ ತಮಗೆ ಸಂಬಂಧಿಸಿದ್ದಲ್ಲ ಎಂಬಂತೆ ತಣ್ಣಗೆ ಮಲಗಿದ್ದರು.

"ಪ್ರಮಿತಾ, ನೀನ ಕುಂದ್ರವಾ," ಎಂದ ನಂದಕಿಶೋರ್. "ನಾ ದೂರಿಂದ ಹೇಳ್ತೀನಿ."

ಬಾಗಿಲ ಮರೆಯಲ್ಲಿದ್ದ ಪ್ರಮಿತಾ ಇನ್ನಷ್ಟು ಹಿಂದಕ್ಕೆ ಸರಿದಳು. ಅವಳು ರಾಯರ ಅಣ್ಣನ ಮಗಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ರಾಯರ ಹೆಂಡತಿ, ತನ್ನ ಕಾಕುವಿನ ಕೈಗೆ ಆಸರೆಯಾಗಲೆಂದು ಈ ಮನೆಗೆ ಬಂದವಳು. ಗಂಡಸರು ತುಂಬಿದ ಕೋಣೆಗೆ ಚಹಾ ಒಯ್ಯುವುದಿದ್ದರೂ ಗೋಡೆ ಸವರಿಕೊಂಡೇ ಹೋಗುವಳು. ಆದರೆ ಕಾಕು ಭಾಮಾಬಾಯಿ ಮೂಲೆಯಿಂದ ಅವಳನ್ನೇ ನೋಡುತ್ತಿದ್ದರು. ಅವರ ಮುಂದೆ ರಾಯರು ಹುಬ್ಬು ಗಂಟಿಕ್ಕಿದ್ದ ಪಿಂಚಣಿ ಪುಸ್ತಕದ ಫೋಟೋ ಬೋರಲಾಗಿ ಬಿದ್ದಿತ್ತು. ಅಲ್ಬಮ್ಮುಗಳನ್ನೆಲ್ಲ ಗೆದ್ದಲು ತಿಂದ ಮೇಲೆ ಮನೆಯಲ್ಲಿ ಉಳಿದದ್ದು ಅದೊಂದೇ.

"ಇದನ್ನ ಗ್ವಾಡಿಗಿ ಹಾಕಿದ್ರ, ದಿನಾ ನಾ ಟಿಕೀಟಿಲ್ದ ಕುಂತಂಗ ಆಗ್ತದ," ಅಂದಿದ್ದರು ಕಾಕು. "ಗೆದ್ದಲು ಹಿಡಿಯೂಕಿಂತ ಮೊದಲ ಫೋಟೋ ಎಲ್ಲಾ ಕಂಪ್ಯೂಟರಿನಾಗ ಹಾಕೀನಿ ಅಂತಿದ್ರು. ನಕ್ಕದ್ದೊಂದು ಹುಡುಕ್ರಿ. ನನಗ ತೋರ್ಸಿ ಆಮ್ಯಾಲೆ ಅವರನ್ನ ಎತ್ರಿ."

ಅಳದೆ ಹೇಳಿದ ಮಾತು. ಅದಕ್ಕೇ ಯಾರಿಗೂ ಎದುರಾಡುವ ಧೈರ್ಯವಾಗಲಿಲ್ಲ. ಸಂಸ್ಕಾರ ಮಾಡಿಸಲು ಬಂದಿದ್ದ ಆಚಾರ್ಯರು ಮಾತ್ರ ಹೊಸ್ತಿಲಿಗೆ ಬಂದು ಬಿಸಿಲು ನೋಡಿ ಹೋಗುತ್ತಿದ್ದರು.

ಪ್ರಮಿತಾ ಸೆರಗು ಬಿಗಿಮಾಡಿ ಕುರ್ಚಿಯ ತುದಿಗೆ ಕುಳಿತಳು.

*

ನೌಕರಿ ಮುಗಿದ ವರ್ಷವೇ ರಾಯರು, ಅವಳ ಕಾಕಾ, ಕಂಪ್ಯೂಟರ್ ತಂದಿದ್ದರು. ಫೋಟೋ, ಕಾಗದಗಳನ್ನೆಲ್ಲ ಅದಕ್ಕೆ ತುಂಬಿಸಿದ ದಿನವೇ ಅವರಿಗೆ ಸಿಟ್ಟು ಬಂತು.

"ಇದೇನಿದು? ಫೋಟೋ, ಕಾಗದ, ಭಜನಿ, ಎಲ್ಲಾ ಪ್ಲಾಟ್‌ಫಾರ್ಮಿನ ಮ್ಯಾಲೆ ಮಲಕೊಂಡಾವಲ್ಲ!"

ಪರದೆಗೆ ಅವರು ಪ್ಲಾಟ್‌ಫಾರ್ಮ್ ಎನ್ನುತ್ತಿದ್ದರು. ಮರುದಿನ ಪ್ರಮಿತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಫೋಲ್ಡರ್ ಮಾಡಿ ಹೆಸರಿಟ್ಟರು: ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ತಾಂಡೂರು.

"ನಿಯಮ ಒಂದ ನೋಡವಾ. ಮನಷ್ಯಾ ಯಾವ ಸ್ಟೇಷನ್ದಾಗ ಇಳಿತಾನೋ ಅಂವನ ಫೋಟೋ ಅಲ್ಲಿ."

ಬೇಡವೆಂದು ಅಳಿಸಿದ್ದನ್ನೂ ಅವರು ಕಸದ ಬುಟ್ಟಿಯಿಂದ ಪೂರ್ತಿ ತೆಗೆಯುತ್ತಿರಲಿಲ್ಲ. "ಟಿಕೀಟಿಲ್ಲ, ಖರೆ. ಆದ್ರ ನಡುದಾರ್ಯಾಗ ಇಳಸ್ಲಿಕ್ಕಾಗ್ತದೇನು? ಮುಂದಿನ ಸ್ಟೇಷನ್ ತನಕ ಇರ್ಲಿ."

"ಮತ್ತ ನಿಮ್ಮನ್ನ ಎಲ್ಲಿ ಇಡೋದು ಕಾಕಾ?" ಎಂದು ಅವಳು ಕೇಳಿದ್ದಳು.

"ಟೀಸಿ ಎಲ್ಲಿ ಇಳಿತಾನ? ಗಾಡ್ಯಾಗೇ ಇರ್ತಾನ," ಎಂದು ಕಾಕಾ ಮಾತು ಹಾರಿಸಿದ್ದರು.

*

ಶಹಾಬಾದ ತೆರೆಯಿತು. ಮನೆಯ ನಕ್ಷೆ, ಲೈಟ್ ಬಿಲ್ಲು, ನಂದಕಿಶೋರನ ಮುಂಜಿವೆ. ರಾಯರಿಲ್ಲ.

"ಡ್ಯೂಟಿ ಮಾಡಿದ್ದು ವಾಡ್ಯಾಗ. ಅಲ್ಲಿ ನೋಡವಾ," ಎಂದರು ಹಿಂದೆ ನಿಂತಿದ್ದ ಶೌಕತ ಅಲಿ. ರಾಯರಿದ್ದ ಗಾಡಿಗಳಲ್ಲೇ ಗಾರ್ಡ್ ಆಗಿ ತಲೆ ಹಣ್ಣಾದವರು.

ವಾಡಿಯಲ್ಲಿ ಸಿಕ್ಕವರು ಶೌಕತ ಅಲಿಯೇ. ಗಾಡಿ ಸಿಬ್ಬಂದಿ ದಣಿವಾರಿಸಿಕೊಳ್ಳುವ ರನ್ನಿಂಗ್ ರೂಮಿನ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದರು.

"ಯಾ ಅಲ್ಲಾ! ಇದನ್ನ ಯಾವಾಗ ತಗದಿದ್ನೋ ಪುಣ್ಯಾತ್ಮ!"

ಯಾರೋ ಕಿಸಕ್ಕೆಂದರು, ಕೂಡಲೇ ಕೆಮ್ಮಿದರು. ಅಷ್ಟರಲ್ಲಿ ಚಿಂಚೋಳಿಯಿಂದ ಬಂದಿದ್ದ ತುಳಜಾಬಾಯಿಗೆ ತಡೆಯಲಾಗಲಿಲ್ಲ.

"ನನ್ನ ಎಲ್ಲಿ ಇಟ್ಟಾನವಾ ನನ್ನ ತಮ್ಮ?"

ಪ್ರಮಿತಾ ತಾಂಡೂರು ತೆರೆದಳು. ಅದರ ಹೊಟ್ಟೆಯಲ್ಲಿ ಚಿಂಚೋಳಿ ಎಂಬ ಪುಟ್ಟ ಫೋಲ್ಡರ್ ಇತ್ತು.

"ಚಿಂಚೋಳಿಗಿ ರೈಲಿಲ್ಲಲ್ಲ ಅತ್ಯಾ," ಎಂದು ಮೆಲ್ಲಗೆ ಹೇಳಿದಳು. "ತಾಂಡೂರಾಗ ಇಳದು ಬಸ್ ಹಿಡೀಬೇಕಲ್ಲ, ಅದಕ್ಕ."

"ಅಯ್ಯ ಇವನ! ಕರ್ನಾಟಕದಾಗ ಇದ್ದಾಕಿನ್ನ ಒಯ್ದು ಆಂಧ್ರದಾಗ ಒಗದಾನ!"

ಈ ಸಲ ಕೆಮ್ಮಿ ಮುಚ್ಚುವಂತಿರಲಿಲ್ಲ. ತುಳಜಾಬಾಯಿಯೇ ಸೆರಗು ಬಾಯಿಗೊತ್ತಿಕೊಂಡು ನಕ್ಕು, ನಗುತ್ತಲೇ ಅತ್ತರು.

"ಎಲ್ಲಾ ಫೋಟೋ ಒಮ್ಮೆಲೇ ಹುಡುಕು ಅನ್ನು," ಎಂದು ನಂದಕಿಶೋರ್ ದೂರದಿಂದ ಹೇಳಿಕೊಟ್ಟ. ಹಾಗೆ ಮಾಡಿದ ಕೂಡಲೇ ಯಂತ್ರ ಗರ್ರೆಂದು ನಿಂತುಬಿಟ್ಟಿತು. ಆರಿಸಿ ಮತ್ತೆ ಹಚ್ಚಬೇಕಾಯಿತು. ಆಚಾರ್ಯರು ಈ ಸಲ ಹೊಸ್ತಿಲು ದಾಟಿ ಒಳಗೇ ಬಂದರು.

"ಭಾಮಾಬಾಯಿ, ಹೊತ್ತು ಏರಲಿಕತ್ತದ."

ಕಾಕು ಬಿದ್ದಿದ್ದ ಫೋಟೋ ಎತ್ತಿಕೊಂಡು ಸೆರಗಿನಿಂದ ಒರೆಸಿದರು. "ಆಯ್ತು ಬಿಡ್ರಿ. ಇದ ಇರ್ಲಿ. ಇಷ್ಟ ನನ್ನ ಹಣೇಬರಹ."

ಪ್ರಮಿತಾ ಮೌಸಿನಿಂದ ಕೈ ತೆಗೆಯಲಿಲ್ಲ. ಸಂಜೆಯ ಚಹಾ ತಂದಿಟ್ಟಾಗ ಕಾಕಾ ಎಂದೂ ಆರಲು ಬಿಟ್ಟವರಲ್ಲ. ಅದೊಂದು ಫೋಲ್ಡರ್ ತೆರೆದು ಕುಳಿತ ದಿನ ಮಾತ್ರ ಕಪ್ಪಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ಅದನ್ನು ಅವಳು ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ. ಈಗ ಕೋಣೆಯಲ್ಲಿ ಇಷ್ಟು ಜನ.

"ಸೇಡಂ ನೋಡ್ಲೇನು ಕಾಕು?"

ದನಿ ತಾನಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಎಲ್ಲರೂ ತಿರುಗಿದರು.

"ಸೇಡಂ?" ಕಾಕು ಕಹಿಯಾಗಿ ನಕ್ಕರು. "ಅದು ನನ್ನ ತವರ ಮನಿ. ಪಂಚಮಿ, ದೀಪಾವಳಿ, ಯಾವುದಕ್ಕೂ ಅಲ್ಲಿ ಕಾಲಿಟ್ಟವರಲ್ಲ. ನನ್ನ ಇಳಿಸಿ, ಗಾಡಿ ಬಿಡ್ತದ ಅಂತ ಓಡ್ತಿದ್ರು. ಹಂಗಿದ್ದವರು ಅಲ್ಲಿ ಹೆಂಗ ಸಿಗ್ತಾರ?"

ಪ್ರಮಿತಾ ಆಗಲೇ ಒತ್ತಿಬಿಟ್ಟಿದ್ದಳು. ಕಾಕುವಿನ ಅಪ್ಪ, ಅವ್ವ, ಬೇವಿನ ಕೆಳಗಿನ ಕಟ್ಟೆ. ಆಮೇಲಿನ ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ರೈಲಿನ ಬಾಗಿಲು. ಆಮೇಲೆ ಕೆದರಿದ ಕೂದಲು. ಆಮೇಲೆ ಹಲ್ಲೆಲ್ಲ ಕಾಣುವ ನಗು, ಕರಿಕೋಟಿನ ತುಂಬ ಪುಡಿ, ಕೈಯಲ್ಲಿ ಅರ್ಧ ಕಚ್ಚಿದ ಶೇಂಗಾ ಹೋಳಿಗೆ. ಒಂದು ಕಾಲು ಗಾಡಿಯ ಮೆಟ್ಟಿಲ ಮೇಲೆ, ಒಂದು ಕಾಲು ಸೇಡಮ್ಮಿನ ಪ್ಲಾಟ್‌ಫಾರ್ಮಿನ ಮೇಲೆ.

ಕಾಕು ಎದ್ದು ಬಂದು ಪರದೆಗೆ ಮುಖ ಹತ್ತಿರ ಒಯ್ದರು. ಚಿತ್ರದ ಅಂಚಿನಲ್ಲಿ ಡಬ್ಬಿ ಹಿಡಿದ, ಬಳೆ ತೊಟ್ಟ ಮುಪ್ಪಿನ ಕೈಯೊಂದಿತ್ತು.

"ಇದು ನಮ್ಮವ್ವನ ಬಳಿ," ಎಂದರು.

"ಮನಿಗಿ ಬಂದ್ರ ಗಾಡಿ ತಪ್ಪತಿತ್ತಲ್ಲ ಭಾಬಿ," ಎಂದರು ಶೌಕತ ಅಲಿ. "ಅದಕ್ಕ ನಿಮ್ಮವ್ವನೇ ಸ್ಟೇಷನ್ನಿಗಿ ಬರ್ತಿದ್ದಳು, ನಿಮ್ಮ ತಮ್ಮ ರಘುವೀರನ ಕರ್ಕೊಂಡು. ಒಮ್ಮೆ ಅಂವ ಕ್ಯಾಮೆರಾ ತಂದಿದ್ದ. ನಾ ಎಷ್ಟ ಸೀಟಿ ಊದಿದ್ರೂ ನಮ್ಮ ರಾಯ ಗಾಡಿ ಹತ್ತವಲ್ಲ. ಡಬ್ಬಿ ಖಾಲಿ ಆಗೂತನಕ ನಾ ಹಸಿರು ಝಂಡಾ ಬಗಲಾಗ ಇಟ್ಕೊಂಡು ನಿಂದರ್ತಿದ್ದೆ. ಆಣಿ ಹಾಕಿದ್ದ, ನಿಮಗ ಹೇಳಬ್ಯಾಡ ಅಂತ. ಹೋಳಿಗಿ ಎಲ್ಲಾ ಒಬ್ಬನ ತಿಂದಾನ ಅಂತ ನೀವು ಜಗಳಾ ತಗೀತೀರಿ ಅಂತಿದ್ದ."

"ತಗೀತಿದ್ದೆ ಮತ್ತ!" ಎಂದರು ಕಾಕು. ಅಂದವರ ಬಾಯಿ ನಗುತ್ತಿತ್ತು, ಕಣ್ಣು ಹರಿಯುತ್ತಿತ್ತು. "ನನ್ನ ಪಾಲಿಂದೂ ತಿಂದಾರ ನೋಡ್ರಿ, ಎಷ್ಟ ನಗ್ಲಿಕತ್ತಾರ!"

ಹೊರಗೆ ಹೆಗಲು ಕೊಡುವವರು ಎದ್ದು ನಿಂತರು. ಫೋಟೋ ಸ್ಟುಡಿಯೋದ ಮತೀನನಿಗೆ ಕಳಿಸಲು ಪ್ರಮಿತಾ ಫ್ಲಾಪಿ ತೂರಿಸಿ ನಕಲು ಮಾಡುವ ಗುಂಡಿ ಒತ್ತಿದಳು. ಪರದೆಯ ಮೇಲೆ ಎರಡು ಪುಟ್ಟ ಫೋಲ್ಡರುಗಳು ಬಾಯಿ ತೆರೆದವು. ಒಂದರಿಂದ ಇನ್ನೊಂದಕ್ಕೆ ಬಿಳಿಯ ಹಾಳೆಗಳು ಹಾರತೊಡಗಿದವು.

"ಏಳ್ರಿ ಇನ್ನ," ಎಂದರು ಆಚಾರ್ಯರು.

"ತಡೀರಿ, ಇನ್ನಾ ಮುಗದಿಲ್ಲ," ಎಂದಳು ಪ್ರಮಿತಾ. ಅವಳ ಮಾತಿಗೆ ಇಡೀ ಕೋಣೆ ತಡೆಯಿತು.

ಕೊನೆಯ ಹಾಳೆ ಹಾರಿತು. ಕಾಕು ಹಿಂತಿರುಗಿ ನೋಡಿದರು.

"ಶೌಕತಭಾಯಿ, ಗಾಡಿ ಬಿಡ್ರಿ ಇನ್ನ."

ಮುದುಕ ಗಾರ್ಡ್ ಹೆಗಲ ಮೇಲಿದ್ದ ರುಮಾಲನ್ನು ಎಳೆದುಕೊಂಡರು. ಬಾಗಿಲಿಗೆ ಬಂದು ನೆಟ್ಟಗೆ ನಿಂತು, ಹಳಿಯನ್ನು ನೋಡುವವರಂತೆ ಓಣಿಯ ಆಚೆ ಈಚೆ ನೋಡಿ, ರುಮಾಲು ಹಿಡಿದ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು.