ಏಳನೆಯ ವಾಲ್ವ್

ಹನ್ನೊಂದೂವರೆಗೆ ಆರಿಫಾ ವೇದಿಕೆ ಏರಬೇಕಿತ್ತು. ಹನ್ನೊಂದಾಗಲು ಹತ್ತು ನಿಮಿಷವಿರುವಾಗ ಮರೋಳದಿಂದ ಲಗಮವ್ವನ ಫೋನು ಬಂತು.

ಬಾಗಲಕೋಟೆಯ ನವನಗರದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಕುರಿತ ವಿಚಾರ ಸಂಕಿರಣದ ಎರಡನೆಯ ಗೋಷ್ಠಿ ನಡೆದಿತ್ತು. ಸಭಾಂಗಣದೊಳಗಿನಿಂದ ಯಾರದೋ ಏರಿಳಿತವಿಲ್ಲದ ಇಂಗ್ಲಿಷ್ ಕೇಳಿಬರುತ್ತಿತ್ತು. ಆರಿಫಾ ಹೊರಗೆ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು.

"ಯವ್ವಾ, ಮೊಬೈಲು ಬೇವಿನ ಗಿಡಕ್ಕ ಕಟ್ಟಾಕ ಹತ್ತೇನಿ. ನಾ ಎಷ್ಟು ದೂರ ಕುಂದರಲಿ ಹೇಳು."

"ಇಪ್ಪತ್ತು ಹೆಜ್ಜಿ ಸಾಕು ಅಕ್ಕಾ. ಇವತ್ತ ನೀವು ಏನೂ ಮುಟ್ಟಬಾರದು, ಅಷ್ಟ."

"ಅದು ಸರಿ. ಮತ್ತ ಏಳನೇ ವಾಲ್ ಯಾರು ತೆಗಿಯೋರು?"

ಆರಿಫಾ ನಕ್ಕಳು. "ತನ್ನಷ್ಟಕ್ಕ ತಾನ ತೆಗಿತೈತಲ್ಲ, ತೊಂಬತ್ತು ದಿನದಿಂದ."

ಆ ಕಡೆ ಪಂಪಿನ ಸದ್ದು ಜೋರಾಗಿತ್ತು.

"ತೆಗಿತೈತಿ ಖರೆ," ಎಂದಳು ಲಗಮವ್ವ. "ಆದ್ರ ಉಳಿದವಕ್ಕಿಂತ ಅದು ಭಾಳ ನಿಧಾನ. ಅದು ತೆಗಿಯೋದ್ರಾಗ ಆರನೇದು ಮುಚ್ಚಿ ಕುಂತಿರತೈತಿ. ಮೋಟರ್ ಅಂತೂ ನಿಂದ್ರಂಗಿಲ್ಲ. ನೀರ ಎಲ್ಲಿಗಿ ಹೋಗಬೇಕು? ಪೈಪ್ ಒದಿತೈತಿ. ಅದಕ್ಕ ನಾ ದಿನಾ ಮೊದಲ ಏಳನೇದು ಕೈಲೆ ಅರ್ಧ ತೆಗದ ಇಡ್ತೇನಿ."

ಆರಿಫಾಳ ಕಾಲು ನಿಂತಿತು.

ಮರೋಳದ ಹನ್ನೆರಡು ಮಂದಿ ರೈತರು ತಾವೇ ಸೇರಿ ಹಾಕಿಸಿಕೊಂಡ ಹನಿ ನೀರಾವರಿ ಅದು. ಒಂದು ಪಂಪು, ಹನ್ನೆರಡು ವಾಲ್ವುಗಳು. ಪಾಳಿಯ ಪ್ರಕಾರ ಒಬ್ಬರ ಹೊಲದ ವಾಲ್ವ್ ಮುಚ್ಚಿ ಮುಂದಿನವರದನ್ನು ತೆರೆಯುವ ಕೆಲಸವನ್ನು ಎಂಟು ವರ್ಷ ಲಗಮವ್ವ ಮಾಡಿದ್ದಳು. ಈಗ ಆ ಕೆಲಸ ಆರಿಫಾಳ ಪ್ರೋಗ್ರಾಮಿನದು. ಒಂದು ಹೊತ್ತಿಗೆ ಒಂದೇ ವಾಲ್ವ್ ತೆರೆದಿರಬೇಕು. ಈ ನಿಯಮ ಮುರಿಯುವ ಆಜ್ಞೆಯನ್ನು ಯಾರಾದರೂ ಬರೆದರೆ, ಪ್ರೋಗ್ರಾಮು ಓಡುವುದಕ್ಕೂ ಮೊದಲೇ ಅದಕ್ಕೆಂದು ಆರಿಫಾ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಯೇ ಅದನ್ನು ತಿರಸ್ಕರಿಸುತ್ತದೆ. ಹಾಗೆಂದು ಅವಳು ಗಣಿತದ ಪುರಾವೆ ಕೊಟ್ಟಿದ್ದಳು. ತೊಂಬತ್ತು ದಿನ ಒಂದೂ ಅವಘಡವಿಲ್ಲದೆ ಹೊಲದಲ್ಲಿ ನಡೆದ ಪ್ರಯೋಗ ಆ ಪುರಾವೆಯ ಬೆನ್ನಿಗಿತ್ತು.

"ದಿನಾ ಅಂದ್ರ ಯಾವಾಗಿನಿಂದ?" ಅವಳ ದನಿ ಅವಳಿಗೇ ಅಪರಿಚಿತವೆನಿಸಿತು.

"ಮೂರನೇ ದಿವಸದಿಂದ. ಅವತ್ತ ಪೈಪು ಎತ್ತಿನಂಗ ಜಿಗಿತು ನೋಡು, ನಾ ಹೌಹಾರಿ ಹಿಂದ ಬಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ರಿ? ಕಾಗದದಾಗ ದಿನಾ ಬರಸೇನಲ್ಲ ನಿಮ್ಮ ಕಡಿಂದ!"

"ಕಾಗದದಾಗ ಏನೈತಿ? 'ಇವತ್ತ ಏನರ ಕೆಟ್ಟೈತೇನು' ಅಂತ ಐತಿ. ಏನೂ ಕೆಟ್ಟಿಲ್ಲ, ಇಲ್ಲ ಅಂತ ಗೀಟ ಹೊಡದೇನಿ. ಮುಂದಿಂದು ತೆಗಿಯೋದು, ಆಮ್ಯಾಲ ಹಿಂದಿಂದು ಮುಚ್ಚೋದು. ನೀರ ಬಿಡೋರು ಎಲ್ಲಾರೂ ಹಂಗ ಮಾಡ್ತಾರವಾ. ಅದನ್ನೂ ಹೇಳಬೇಕೇನು, ಉಸಿರಾಡ್ತೇನಿ ಅಂತ ಹೇಳಿದಂಗ?"

"ಇವತ್ತ ಮುಟ್ಟಲಿಲ್ಲಂದ್ರ ಒಡಿತೈತೇನು?"

"ಒಡದೀತು, ಒಡೀಲಾರದ ಇದ್ದೀತು. ಆ ಜಾಯಿಂಟಿನ ಮನಸ್ಸು ನಾ ಹೆಂಗ ಹೇಳ್ಲಿ? ಪೈಪಿನ ಸನೇಕಂತೂ ನಿಂದ್ರೂದಿಲ್ಲ ನಾ."

ಆರಿಫಾ ಗಡಿಯಾರ ನೋಡಿದಳು. ಆರನೆಯ ಪಾಳಿ ಮುಗಿದು ಏಳನೆಯದು ಆರಂಭವಾಗುವುದು ಹನ್ನೊಂದು ನಲವತ್ತೆರಡಕ್ಕೆ. ಅದನ್ನು ಮರೋಳದಿಂದ ನೇರವಾಗಿ ಸಭಾಂಗಣದ ಪರದೆಯ ಮೇಲೆ ತೋರಿಸಬೇಕೆಂದೇ ಎಲ್ಲ ಸಿದ್ಧತೆ ನಡೆದಿತ್ತು. ಧಾರವಾಡದಿಂದ ಬಂದ ಪರೀಕ್ಷಕಿ ಕಸ್ತೂರಿ ಮೇಡಂ ಪ್ರಬಂಧದ ಅಂಚಿನಲ್ಲಿ ಬರೆದಿದ್ದರು: ನೀವು ದಾಖಲಿಸಿದ್ದು ಪ್ರೋಗ್ರಾಮು ಕೊಟ್ಟ ಆಜ್ಞೆಗಳನ್ನು, ಹೊಲದಲ್ಲಿ ನಡೆದದ್ದನ್ನಲ್ಲ, ಮನುಷ್ಯರ ಕೈ ಸೋಕದಂತೆ ಒಮ್ಮೆ ನಡೆಸಿ ತೋರಿಸಿ. ಅವರು ಒಪ್ಪಿದರೆ ಪ್ರಬಂಧ ಪ್ರಕಟವಾಗುತ್ತದೆ. ಪ್ರಕಟವಾದರೆ ಮಾತ್ರ ಡಿಸೆಂಬರಿನೊಳಗೆ ಪಿಎಚ್‌.ಡಿ. ಮಹಾಪ್ರಬಂಧ ಸಲ್ಲಿಸಲು ಸಾಧ್ಯ. ಡಿಸೆಂಬರ್ ದಾಟಿದರೆ ಅವಳ ನೋಂದಣಿಯೇ ರದ್ದು. ಒಮ್ಮೆ ಸಿಕ್ಕ ಅವಧಿ ವಿಸ್ತರಣೆ ಇನ್ನೊಮ್ಮೆ ಸಿಗುವಂತಿರಲಿಲ್ಲ. ಆರು ವರ್ಷಗಳ ಕೆಲಸ.

ಮಾರ್ಗದರ್ಶಕರಾದ ಧರ್ಮರಾಜ ಸರ್ ನೋಂದಣಿ ಮೇಜಿನ ಬಳಿ, ಮರುದಿನ ಬಾದಾಮಿ ಮತ್ತು ಐಹೊಳೆ ನೋಡಲು ಹೊರಡುವ ಅತಿಥಿಗಳ ಪಟ್ಟಿ ಹಿಡಿದು ನಿಂತಿದ್ದರು. ಅವಳು ಅವರನ್ನು ಕಂಬದ ಮರೆಗೆ ಕರೆದು, ನಡೆದದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದಳು.

ಅವರು ಕನ್ನಡಕ ತೆಗೆದು ಒರೆಸಿದರು. "ಪುರಾವೆದಾಗ ತಪ್ಪೈತೇನು?"

"ಇಲ್ರಿ ಸರ್. ಪುರಾವೆ ಸರಿ ಐತಿ. ಆದ್ರ ಅದು ನೀರಿಂದಲ್ಲ. ನಮ್ಮ ಪ್ರೋಗ್ರಾಮಿನ್ಯಾಗ ಆರು ಮುಚ್ಚೋದು, ಏಳು ತೆಗಿಯೋದು ಒಂದ ಹೆಜ್ಜಿ. ನಡುವ ವೇಳ್ಯಾನ ಇಲ್ಲ. ಅಲ್ಲಿ ಅಂದಾಜು ಅರ್ಧಾ ನಿಮಿಷ ಐತ್ರಿ."

"ನೆಟ್‌ವರ್ಕ್ ಇಲ್ಲಂತ ಹೇಳಿಬಿಡು. ಮರೋಳದಾಗ ನೆಟ್‌ವರ್ಕ್ ಹೋಗೂದು ಯಾರಿಗಿ ಹೊಸಾದು?"

"ಕಸ್ತೂರಿ ಮೇಡಂ ಮುಂಜಾನೆ ನನ್ನ ಮೊಬೈಲಿನ್ಯಾಗ ಲಗಮಕ್ಕನ ಜೋಡಿ ಮಾತಾಡ್ಯಾರ್ರಿ. ಕಬ್ಬಿನ ಹಾಲು ಕುಡೀಲಿಕ್ಕೆ ಬರ್ರಿ ಅಂತ ಆಕಿ ಕರದಾಳ. ಲೈನ್ ಚಲೋ ಐತಂತ ಅವರಿಗಿ ಗೊತ್ತೈತ್ರಿ."

ಧರ್ಮರಾಜ ಸರ್ ಸುತ್ತ ನೋಡಿ ದನಿ ತಗ್ಗಿಸಿದರು. "ಹಂಗಾದ್ರ ಹಿಂಗ ಮಾಡು. ಮೊಬೈಲು ಸ್ವಲ್ಪ ಎಡಕ್ಕ ತಿರುಗಸಾಕ ಹೇಳು, ಪಂಪು ಅಷ್ಟ ಕಾಣಲಿ. ಆಕಿ ಏಳನೇದನ್ನ ಅರ್ಧ ತೆಗದಿಟ್ಟು ದೂರ ಹೋಗಲಿ. ನಾವು ಸುಳ್ಳ ಹೇಳೂದಿಲ್ಲ. ತೋರ್ಸೂದಿಲ್ಲ, ಅಷ್ಟ. ಪೈಪೂ ಉಳಿತೈತಿ, ನೀನೂ ಉಳಿತಿ. ಮುಂದ ತಿದ್ದಿದ್ರಾತು." ಅವರ ದನಿಯಲ್ಲಿ ಕುಟಿಲತೆಗಿಂತ ದಣಿವೇ ಹೆಚ್ಚಿತ್ತು.

ಆರಿಫಾ ತಿರುಗಿ ಕಾರಿಡಾರಿಗೆ ನಡೆದಳು. ಮತ್ತೆ ಆ ತುದಿಗೆ ಹೋದಳು, ಮತ್ತೆ ಬಂದಳು. ಆರನೆಯ ವಾಲ್ವ್ ಮುಚ್ಚಿದ ಮೇಲಿನ ಆ ಅರ್ಧ ನಿಮಿಷವನ್ನು ಕಣ್ಣಮುಂದೆ ತರಲು ಯತ್ನಿಸಿದಳು. ಪೈಪಿನ ತುಂಬ ನೀರು, ಹೊರಹೋಗಲು ಒಂದೂ ದಾರಿಯಿಲ್ಲ. ಹನ್ನೊಂದು ಇಪ್ಪತ್ತಾರಕ್ಕೆ ಒಳಗೆ ಚಪ್ಪಾಳೆ ಕೇಳಿತು. ಯಾರೋ ಅವಳ ಹೆಸರು ಕೂಗಿದರು.

ಅವಳು ಫೋನು ಎತ್ತಿ ಎರಡೇ ಮಾತು ಹೇಳಿದಳು: "ಅಕ್ಕಾ, ದಿನಾ ಮಾಡಿದಂಗ ಮಾಡ್ರಿ. ಮೊಬೈಲು ಎಲ್ಲಿ ಇಡಬೇಕಂದ್ರ..."

ಬಾಗಿಲು ತೆರೆದುಕೊಂಡಿತು. ಉಳಿದ ಮಾತು ಧರ್ಮರಾಜ ಸರ್‌ಗೆ ಕೇಳಿಸಲಿಲ್ಲ. ಆದರೂ ತಮ್ಮ ಮಾತಿಗೆ ಒಪ್ಪಿದಳೆಂದುಕೊಂಡು ಅವರು ನಿರಾಳವಾಗಿ ಉಸಿರುಬಿಟ್ಟು ಮೊದಲ ಸಾಲಿನಲ್ಲಿ ಹೋಗಿ ಕುಳಿತರು.

ಮೊದಲ ಹತ್ತು ನಿಮಿಷ ಆರಿಫಾ ಏನು ಹೇಳಿದಳೆಂಬುದು ಅವಳಿಗೇ ನೆನಪಿಲ್ಲ. ಸ್ಲೈಡುಗಳು ಸರಿದವು. ಹನ್ನೊಂದು ನಲವತ್ತಕ್ಕೆ ಪರದೆಯ ಮೇಲೆ ಮರೋಳ ಮೂಡಿತು: ಬಿಸಿಲು, ಮೆಣಸಿನ ಗಿಡಗಳ ಸಾಲು, ಕಪ್ಪು ಪೈಪು, ಅಕ್ಕಪಕ್ಕದಲ್ಲಿ ಬಿಳಿ ಬಣ್ಣದಿಂದ ಆರು, ಏಳು ಎಂದು ಬರೆದ ಎರಡು ವಾಲ್ವುಗಳು. ಚಿತ್ರ ಸ್ಪಷ್ಟವಾಗಿತ್ತು. ಮೊಬೈಲು ಎಡಕ್ಕೆ ತಿರುಗಿರಲಿಲ್ಲ. ಧರ್ಮರಾಜ ಸರ್ ಕುರ್ಚಿಯ ಅಂಚಿಗೆ ಸರಿದರು.

ಹನ್ನೊಂದು ನಲವತ್ತೊಂದು. ಪರದೆಯ ಬಲಬದಿಯಿಂದ ಹಸಿರು ಸೀರೆಯ ಹೆಂಗಸೊಬ್ಬಳು ಸಾವಕಾಶವಾಗಿ ನಡೆದು ಬಂದು, ಏಳನೆಯ ವಾಲ್ವಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದಳು.

ಸಭೆಯಲ್ಲಿ ಗುಸುಗುಸು ಎದ್ದಿತು. ಕಸ್ತೂರಿ ಮೇಡಂ ಎದ್ದು ನಿಂತರು. "ಯಾರೂ ಮುಟ್ಟಬಾರದು ಅಂತ ಆಗಿತ್ತಲ್ಲ? ಅವರೇನು ಮಾಡಾಕ ಹತ್ಯಾರ?"

"ಪ್ರಯೋಗದ ಮೂರನೇ ದಿನದಿಂದ ದಿನಾ ಮಾಡಿದ್ದನ್ನ ಮಾಡಾಕ ಹತ್ಯಾರ್ರಿ, ಮೇಡಂ," ಎಂದಳು ಆರಿಫಾ. "ನನಗ ಗೊತ್ತಾಗಿದ್ದು ಈಗ, ಐವತ್ತು ನಿಮಿಷದ ಹಿಂದ. ನನ್ನ ಪ್ರೋಗ್ರಾಮಿನಿಂದ ಆ ಪೈಪು ಉಳಿದಿಲ್ಲ. ಆ ಕೈಯಿಂದ ಉಳದೈತಿ."

ಅಷ್ಟರಲ್ಲಿ ಆರನೆಯ ವಾಲ್ವ್ ಖಟ್ಟೆಂದು ಮುಚ್ಚಿತು. ಮುನ್ನೂರು ಕಣ್ಣುಗಳು ಪೈಪಿನ ಮೇಲೆ ನೆಟ್ಟವು. ಅದು ಸಣ್ಣಗೆ ನಡುಗಿ ಸುಮ್ಮನಾಯಿತು.

ಆರಿಫಾ ಲ್ಯಾಪ್‌ಟಾಪಿನತ್ತ ತಿರುಗಿ, ಎಲ್ಲರೂ ನೋಡುತ್ತಿರುವಂತೆಯೇ ಪ್ರೋಗ್ರಾಮು ತೆರೆದಳು. ಒಂದೇ ವಾಲ್ವ್ ತೆರೆದಿರಬೇಕು ಎಂಬ ನಿಯಮವನ್ನು ಅಳಿಸಿದಳು. ಅದರ ಜಾಗದಲ್ಲಿ ಲಗಮವ್ವನ ನಿಯಮ ಬರೆದಳು: ಯಾವ ಕ್ಷಣದಲ್ಲೂ ಎಲ್ಲವೂ ಮುಚ್ಚಿರಕೂಡದು, ಮುಂದಿನದು ತೆರೆದದ್ದು ಖಚಿತವಾಗದೆ ಹಿಂದಿನದು ಮುಚ್ಚಕೂಡದು. ಗುಂಡಿ ಒತ್ತಿದಳು.

ಹನ್ನೊಂದು ಕಡೆ ಕೆಂಪು ಗೆರೆಗಳು ಮೂಡಿದವು. ಒಂದು ವಾಲ್ವಿನಿಂದ ಇನ್ನೊಂದಕ್ಕೆ ದಾಟುವ ಹನ್ನೊಂದೂ ಜಾಗಗಳಲ್ಲಿ ಅವಳದೇ ಭಾಷೆ ಅವಳದೇ ಪ್ರೋಗ್ರಾಮನ್ನು ತಿರಸ್ಕರಿಸಿತ್ತು.

ಕಸ್ತೂರಿ ಮೇಡಂ ಆ ಕೆಂಪು ಗೆರೆಗಳನ್ನು ಬಹಳ ಹೊತ್ತು ಓದಿದರು. "ಭಾಷಾ ಕೆಲಸ ಮಾಡ್ತದ," ಎಂದರು ಕೊನೆಗೆ. "ನೀವು ಅದಕ್ಕ ತಪ್ಪು ಪ್ರಶ್ನೆ ಕೇಳಿದ್ರಿ. ಆದ್ರ ಈ ಪ್ರಬಂಧ ನಾ ಒಪ್ಪಲಿಕ್ಕೆ ಬರೂದಿಲ್ಲ, ಆರಿಫಾ."

"ಗೊತ್ತೈತ್ರಿ."

"ಹೊಸಾದು ಯಾವಾಗ ಕೊಡ್ತೀರಿ?"

ಡಿಸೆಂಬರ್ ಮುಗಿಯಲು ಏಳು ವಾರಗಳಿದ್ದವು. ಮೊದಲ ಸಾಲಿನಲ್ಲಿ ಧರ್ಮರಾಜ ಸರ್ ಅತಿಥಿಗಳ ಪಟ್ಟಿಯನ್ನು ಮಡಚಿ, ಇನ್ನೂ ಮಡಚಿ, ಬೆರಳಿನಷ್ಟು ಮಾಡಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಲಗಮವ್ವನ ಗಂಟಲು ಸಭಾಂಗಣವನ್ನೆಲ್ಲ ತುಂಬಿತು. ಅವಳ ಮುಖ ಮೊಬೈಲಿಗೆ ತೀರ ಹತ್ತಿರ ಬಂದಿತ್ತು.

"ಯವ್ವಾ, ಅಲ್ಲಿ ಯಾರರ ಅದಾರೋ, ಇಲ್ಲಾ ನಾ ಒಬ್ಬಾಕಿನ ಮಾತಾಡಾಕ ಹತ್ತೇನೋ? ಎಂಟನೇದಕ್ಕೂ ಬರ್ಲ್ಯೋ, ಇಲ್ಲಾ ದೂರ ಕುಂದರಲ್ಯೋ? ಒಂದ ಸಲ ಮುಟ್ಟಬ್ಯಾಡ ಅಂತಿ, ಒಂದ ಸಲ ಮುಟ್ಟು ಅಂತಿ!"

ಸಭೆ ನಕ್ಕಿತು. ಆರಿಫಾ ನಗಲಿಲ್ಲ. ಮೇಜಿನ ಮೇಲಿದ್ದ ತನ್ನ ಪ್ರಬಂಧವನ್ನು ಬೋರಲು ಹಾಕಿ, ಅದರ ಬೆನ್ನಿನ ಖಾಲಿ ಹಾಳೆಯ ಮೇಲೆ ಆರಕ್ಕೊಂದು, ಏಳಕ್ಕೊಂದು ಎಂದು ಎರಡು ಗೆರೆ ಎಳೆದಳು.

"ಬರ್ರಿ ಅಕ್ಕಾ. ಆದ್ರ ಅದಕ್ಕೂ ಮೊದಲ ಒಂದ ಹೇಳ್ರಿ. ಮೊದಲ ಎಲ್ಲಾ ಕೈಲೆ ಮಾಡೂವಾಗ, ಏಳನೇದು ತೆಗದ ಮ್ಯಾಲ ಎಷ್ಟೊತ್ತು ಬಿಟ್ಟು ಆರನೇದು ಮುಚ್ಚತಿದ್ರಿ?"

"ಒಂದ ಎಲಿ ಅಡಿಕಿ ಮಡಚೂವಷ್ಟು."

"ಸೆಕೆಂಡಿನ್ಯಾಗ ಹೇಳ್ರಿ."

"ಅದನ್ನ ನೀ ಬಂದು ಎಣಸು," ಎಂದಳು ಲಗಮವ್ವ.

ಮರೋಳಕ್ಕೆ ಹೋಗಲು ಹುನಗುಂದದ ಬಸ್ಸು ಹನ್ನೆರಡೂವರೆಗಿತ್ತು. ಆರಿಫಾ ಕಸ್ತೂರಿ ಮೇಡಂ ಕಡೆ ನೋಡಿ, "ಹೊಸಾದು ಯಾವಾಗ ಅನ್ನೂದರ ಉತ್ತರ ಅಲ್ಲೈತ್ರಿ," ಎಂದಳು. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ವೇದಿಕೆಯ ಮೆಟ್ಟಿಲಿಳಿದಳು.