ಶಾಲು ಹೊದಿಸಿದ ಮೇಲೆ

ನಮ್ಮ ಕಡೆ ಒಬ್ಬರಿಗೆ ಶಾಲು ಹೊದಿಸಿದರೆಂದರೆ ಅವರ ಕೆಲಸ ಮುಗಿಯಿತೆಂದೇ ಅರ್ಥ. ಶಾಲೆಯ ಮಾಸ್ತರರಿರಲಿ, ಬಸ್ಸಿನ ಡ್ರೈವರಿರಲಿ, ಕೊರಳಿಗೊಂದು ಹಾರ, ಹೆಗಲಿಗೊಂದು ಶಾಲು, ಕೈಗೊಂದು ಹಣ್ಣಿನ ಬುಟ್ಟಿ; ಮರುದಿನದಿಂದ ಮನೆಯ ಕಟ್ಟೆ. ಇಷ್ಟು ಗೊತ್ತಿದ್ದೂ ಕನ್ನೊಳ್ಳಿಯ ನಮ್ಮ ರೊಟ್ಟಿ ಸಂಘದ ಹೆಂಗಸರೆಲ್ಲ ಸೇರಿ ಹೊನ್ನವ್ವನಿಗೆ ಶಾಲು ಹೊದಿಸಿದೆವು. ಸಂಘದ ಅಧ್ಯಕ್ಷೆ ನಾನು, ದಾನೇಶ್ವರಿ. ಭಾಷಣವನ್ನೂ ನಾನೇ ಮಾಡಿದೆ. ಮೈಕು ಕೈಗೆ ಸಿಕ್ಕರೆ ನಾನು ಸುಲಭಕ್ಕೆ ಬಿಡುವವಳಲ್ಲ.

ಸಂಘ ಕಟ್ಟಿದವಳು ಹೊನ್ನವ್ವ. ಇವತ್ತು ನಮ್ಮ ಖಡಕ್ ರೊಟ್ಟಿ ಸಿಂದಗಿ, ಇಂಡಿ ಪಟ್ಟಣಗಳ ಅಂಗಡಿಗಳಿಗೆ ಹೋಗುತ್ತದೆ. ಬಸವನ ಬಾಗೇವಾಡಿಯ ಖಾನಾವಳಿಯವರು ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ಹೋದ ದೀಪಾವಳಿಗೆ ಮುಂಚೆ ಹೊನ್ನವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಎಲುಬು ಕೂಡೈತಿ. ಆದ್ರ ಕೈ ದುಡಸಬೇಕವ್ವ. ಸುಮ್ನ ಇಟ್ಟರ ಹಂಗ ಸೆಟದು ಬಿಡ್ತೈತಿ" ಎಂದಿದ್ದರು. ಕೆಲ ದಿನ ಹೊನ್ನವ್ವ ನೋವು ನುಂಗಿ ಕೈ ಆಡಿಸಿದಳು. ಅಷ್ಟರಲ್ಲಿ ನಮಗೆ ಆಕೆಯ ಉಪಕಾರ ಸ್ಮರಿಸುವ ಹುಕಿ ಬಂತು.

ಸನ್ಮಾನದ ದಿನ ನಕ್ಕಳು, ಫೋಟೊ ತೆಗೆಸಿಕೊಂಡಳು. ಆಮೇಲೆ ಸಂಘದ ಕಡೆ ಕಾಲಿಡಲಿಲ್ಲ. ನೋವಿರಬೇಕು, ಬರುತ್ತಾಳೆ ಎಂದುಕೊಂಡೆವು. ಒಂದು ದಿನ ಆಕೆಯ ಸೊಸೆ ಭುವನೇಶ್ವರಿ ನನ್ನ ಮನೆಗೆ ಬಂದಳು.

"ದಾನಕ್ಕ, ನಮ್ಮತ್ತಿ ಕೈ ಆಡಸೂದ ಬಿಟ್ಟಾಳ್ರಿ. ತುತ್ತು ಸೈತ ಎಡಗೈಲೆ ಉಣ್ಣಾಕತ್ತಾಳ. ಇನ್ನ ತಡಾ ಮಾಡಿದ್ರ ಆ ಕೈ ಬರೂದಿಲ್ಲಂತ ಡಾಕ್ಟರು ಅಂದಾರ."

ನನಗೆ ಕಳವಳವಾದರೆ ಮೊದಲು ಬರುವುದು ಸಿಟ್ಟು. ನಮ್ಮ ಸಂಘದ ಅಮೀನಾಬಿಯನ್ನು ಕರೆದುಕೊಂಡು ಸೀದಾ ಹೊನ್ನವ್ವನ ಮನೆಗೆ ನಡೆದೆ. ಆಕೆ ಪಡಸಾಲೆಯಲ್ಲಿ ಬಲಗೈಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಕುಳಿತಿದ್ದಳು.

"ಏನಬೇ, ಕೈ ಮ್ಯಾಲ ಸಿಟ್ಟೋ, ನಮ್ಮ ಮ್ಯಾಲ ಸಿಟ್ಟೋ?" ಎಂದೆ.

"ಯಾಕ ಸಿಟ್ಟು? ಶಾಲು ಹೊಚ್ಚಿ ಮನಿಗೆ ಕಳಿಸೀರಿ, ಮನ್ಯಾಗ ಅದೀನಿ. ಇನ್ನ ಈ ಕೈ ಆಡಿದರೇನು, ಬಿಟ್ಟರೇನು?"

"ಅಯ್ಯ, ನಿನ್ನ ಉಪಕಾರ ನೆನಸಾಕ ಮಾಡಿದ್ದಬೇ ಅದು!"

"ನಿನ್ನ ಭಾಷಣಾ ಕೇಳೇನಿ. ಮಹಾತಾಯಿ, ದಾರಿದೀಪ! ಸತ್ತವರಿಗೆ ಹೇಳೂ ಮಾತು. ನನ್ನ ಹೆಸರ ತಗದು ಯಾರ ಹೆಸರ ಹಾಕಿದ್ರೂ ನಡೀತಿತ್ತು."

ಅದೇ ಭಾಷಣವನ್ನು ಹೆಸರು ಬದಲಿಸಿ ಹಿಂದೆ ಮಾಸ್ತರರೊಬ್ಬರ ನಿವೃತ್ತಿಗೂ ಮಾಡಿದ್ದೆ.

ಅಮೀನಾಬಿ ನನ್ನಂತಲ್ಲ, ಮೆಲ್ಲಗೆ ಮಾತಾಡುವವಳು. ಹೊನ್ನವ್ವನ ಪಕ್ಕಕ್ಕೆ ಸರಿದು ಕುಳಿತಳು. "ನಮ್ಮತ್ತಿ ಸೈದಾಬಿ ನನ್ನ ಹೊಸ್ತಿಲಾ ದಾಟಾಕ ಬಿಡ್ತಿರ್ಲಿಲ್ಲ. ನೀ ಬಂದು ಆಕಿಗೆ ಏನಂದಿ? 'ಸಂಘಕ್ಕ ಸೊಸಿನ ಕಳಸಬ್ಯಾಡ, ನೀನ ಬಾ, ನಿನ್ನ ಕೈರೊಟ್ಟಿ ಚಲೋ ಅಂತ' ಅಂದಿ. ಆಕಿ ಹಿಗ್ಗಿ ಎರಡ ದಿನಾ ಬಂದ್ಲು. ಬೆನ್ನು ಹಿಡೀತಂತ ಮೂರನೇ ದಿನಾ ತಾನ ನನ್ನ ಕಳಿಸಿದ್ಲು. ಇವತ್ತು ನನ್ನ ಮಗಳು ಕಾಲೇಜಿಗೆ ಹೋಗೂದು ನಿನ್ನ ಆ ಶಾಣೇತನದಿಂದ. ಒಮ್ಮೆನೂ ನಿನ್ನ ಮುಂದ ಅಂದಿಲ್ಲ ನೋಡು."

ಹೊನ್ನವ್ವ ಆಕೆಯ ಮುಖವನ್ನೇ ನೋಡುತ್ತ ಕುಳಿತಳು. ಈಗ ನನ್ನ ಸರದಿ. ಮೈಕಿಲ್ಲದೆ ಆಕೆಯ ಎದುರಿಗೆ ಕುಳಿತೆ.

"ನಾ ಮುದ್ದೇಬಿಹಾಳದಿಂದ ಲಗ್ನಾ ಆಗಿ ಬಂದಾಗ ಓಣಿ ತುಂಬ ಜಗಳಗಂಟಿ ಅಂತ ಹೆಸರಾತು. ಯಾರೂ ಮಾತಾಡಸ್ತಿರ್ಲಿಲ್ಲ. ನೀ ಒಬ್ಬಾಕಿನ, 'ಈ ಬಾಯಿ ಅಂಗಡ್ಯಾರ ಕೂಡ ದರಾ ಕುದರಸಾಕ ಚಲೋ ಐತಿ, ನಮ್ಮ ಸಂಘಕ್ಕ ಬೇಕು' ಅಂದಿ. ನಾ ಮಂದ್ಯಾಗ ಮನಷ್ಯಾಳಾದದ್ದು ಅವತ್ತು" ಎಂದೆ. ಅಳು ಬಂತು, ಅತ್ತುಬಿಟ್ಟೆ.

ಹೊನ್ನವ್ವನ ಕಣ್ಣುಗಳೂ ಒದ್ದೆಯಾದವು. ಆದರೆ ಕೈ ಸೆರಗಿನಡಿಯೇ ಇತ್ತು. "ಹೇಳಿದ್ರಿ, ಹೊಟ್ಟಿ ತಣ್ಣಗಾತು. ಆದ್ರ ಇನ್ನ ಈ ಮುರಕ ಕೈಯಿಂದ ನಿಮಗೇನ ಬರಕತ್ತು?"

"ಎಳ್ಳಮವಾಸಿಗೆ ಹೊಲಕ್ಕ ಅಡಗಿ ಒಯ್ದು ಚರಗಾ ಚೆಲ್ಲಿ ಭೂಮಿತಾಯಿಗೆ ಉಣಸ್ತೇವಿ. ಉಣಿಸಿ, ಇನ್ನ ನೀ ದುಡೀಬ್ಯಾಡ ಅಂತೇವೇನು?" ಎಂದಳು ಅಮೀನಾಬಿ. "ಮತ್ತ ಆಕಿ ಕಡೆನ ಬೆಳಿ-ಪೀಕು ಬೇಡ್ತೇವಿ."

"ನಾವು ಶಾಲು ಕೊಟ್ವಿ, ಬೇಡೂದ ಮರತ್ವಿ" ಎಂದೆ ನಾನು. "ಈಗ ಬೇಡ್ತೇವಿ. ಹೊಸ ಹುಡಿಗ್ಯಾರಿಗೆ ಸಜ್ಜಿ ರೊಟ್ಟಿ ಬರವಲ್ವು, ಎತ್ತೂದ್ರಾಗ ಒಡೀತಾವು. ಬಂದು ಕಲಿಸಿಕೊಡು."

ಹೊನ್ನವ್ವ ಒಳಗೆ ಕೂಗಿದಳು. "ಭುವನಾ, ರೊಟ್ಟಿ ಹಿಟ್ಟಿಗೆ ಎಸರಿಡು."

ಬಲಗೈ ಹೊರಗೆ ಬಂತು. ಬೆರಳುಗಳು ಬಾತಿದ್ದವು. ಒಲೆಯ ಮುಂದೆ ಕುಳಿತು ಹಿಟ್ಟು ನಾದುವಾಗ ತುಟಿ ಕಚ್ಚಿ ನನ್ನಪ್ಪನನ್ನೂ ಡಾಕ್ಟರ ಅಪ್ಪನನ್ನೂ ಬೈದಳು. ನೆರವಿಗೆ ಚಾಚಿದ ಅಮೀನಾಬಿಯ ಕೈಯನ್ನು ಮೊಣಕೈಯಿಂದ ದೂಡಿದಳು. ಬಡಿದ ರೊಟ್ಟಿ ದುಂಡಗಾಗಲಿಲ್ಲ, ಹಂಚಿಗೆ ಹಾಕುವಷ್ಟರಲ್ಲಿ ಅಂಚು ಹರಿಯಿತು. ಮಗುಚಲು ಮಣಿಕಟ್ಟು ತಿರುಗಲೇಬೇಕಿತ್ತು. "ಯವ್ವಾ!" ಎಂದು ಚೀರಿದಳು. ರೊಟ್ಟಿ ಮಗುಚಿಕೊಂಡಿತು.

ಅದೇ ಕೈಯಿಂದ ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟಳು. "ಹೆಂಗಾಗೈತಿ?"

ಭಾಳ ಚಲೋ ಆಗೈತಿ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ರೊಟ್ಟಿಯ ಜೊತೆಗೆ ಅದನ್ನೂ ನುಂಗಿದೆ.

"ನಡುವ ಹಸಿ ಐತಿ. ಅಂಚು ಸೀದೈತಿ."

ಭುವನೇಶ್ವರಿ ನನ್ನನ್ನು ಕೆಕ್ಕರಿಸಿ ನೋಡಿದಳು. ಹೊನ್ನವ್ವ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದಳು.

"ಖರೇನ ಹಸಿ ಐತಿ" ಎಂದಳು. "ನಾಳೆ ಮುಂಜಾನೆ ಬರ್ತೇನಿ. ನನಗೊಂದು ಒಲಿ ಬಿಟ್ಟಿರ್ರಿ."